ಗಾಳಿಗೆ ಮೊದಲು ದಾರಿ, ಆಮೇಲೆ ವೇಗ

ಡೆಸ್ಕ್‌ಟಾಪ್ ಕಂಪ್ಯೂಟರಿನ ಫ್ಯಾನ್ ಸದ್ದಿನ ಬಗ್ಗೆ ಜನ ಹೇಳುವ ದೂರನ್ನು ಗಮನವಿಟ್ಟು ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ಸದ್ದು ಜೋರಾಗಿದೆ ಎನ್ನುವುದಕ್ಕಿಂತ, ಅದು ಒಂದೇ ಸಮ ಇರುವುದಿಲ್ಲ ಎನ್ನುವುದೇ ಅವರ ಸಂಕಟ. ಬ್ರೌಸರಿನಲ್ಲಿ ಹೊಸ ಪುಟ ತೆರೆದ ಕೂಡಲೇ ಫ್ಯಾನ್ ಗುಂಯ್ ಎಂದು ಏರುತ್ತದೆ, ಐದಾರು ಸೆಕೆಂಡಿನಲ್ಲಿ ಇಳಿಯುತ್ತದೆ, ಇನ್ನೊಂದು ಫೈಲ್ ತೆರೆದರೆ ಮತ್ತೆ ಏರುತ್ತದೆ. ಒಂದೇ ಹದದಲ್ಲಿ ತಿರುಗುವ ಫ್ಯಾನಿನ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆಲ್ಲ ಮರೆತುಬಿಡುತ್ತದೆ. ಏರಿಳಿಯುವ ಸದ್ದನ್ನು ಮರೆಯುವುದು ಅದಕ್ಕೆ ಸಾಧ್ಯವಾಗುವುದಿಲ್ಲ. ರಾತ್ರಿ ಕೂತು ಓದುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ, ಮನೆಯಿಂದಲೇ ಪಾಠ ಮಾಡುವ ಮೇಷ್ಟ್ರುಗಳಿಗೆ ಇದು ಸಣ್ಣ ಕಿರಿಕಿರಿ ಅಲ್ಲ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು: ಇನ್ನೆರಡು ಫ್ಯಾನ್ ಹಾಕಿಸಿ, ಇಲ್ಲವೇ ದೊಡ್ಡ ಕೂಲರ್ ತಗೊಳ್ಳಿ. ಎರಡಕ್ಕೂ ದುಡ್ಡು ಬೇಕು. ಆದರೆ ಅದಕ್ಕೂ ಮೊದಲು ಮಾಡಬೇಕಾದ, ದುಡ್ಡೇ ಬೇಡದ ಕೆಲಸಗಳಿವೆ. ಕ್ಯಾಬಿನೆಟ್ಟಿನೊಳಗೆ ಗಾಳಿ ಬಂದು ಹೋಗುವ ದಾರಿಯನ್ನು ಸರಿಪಡಿಸಬೇಕು. ಆಮೇಲೆ ಫ್ಯಾನಿನ ವೇಗವನ್ನು ಕ್ಷಣಕ್ಷಣಕ್ಕೂ ಕುಣಿಯುವ ಪ್ರೊಸೆಸರ್ ಉಷ್ಣತೆಯ ಅಂಕಿಗೆ ಕಟ್ಟಿಹಾಕುವ ಬದಲು ನಿಧಾನವಾಗಿ ಕೂಡಿಕೊಳ್ಳುವ ಬಿಸಿಗೆ ಕಟ್ಟಬೇಕು. ಈ ಅನುಕ್ರಮವೂ ಮುಖ್ಯ. ದಾರಿ ಸರಿಯಿಲ್ಲದಿದ್ದರೆ ವೇಗವನ್ನು ಎಷ್ಟು ತಿದ್ದಿದರೂ ಸದ್ದು ಮಾತ್ರ ಬದಲಾಗುತ್ತದೆ, ಬಿಸಿ ಅಲ್ಲೇ ಉಳಿಯುತ್ತದೆ.

ಬಿಸಿ ಎಷ್ಟು ಎಂಬುದನ್ನು ಮೊದಲು ನೋಡೋಣ. 1993ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರ್ ಹೆಚ್ಚೆಂದರೆ 16 ವ್ಯಾಟ್ ತಿನ್ನುತ್ತಿತ್ತು. ಅಷ್ಟಕ್ಕೇ ಪ್ರೊಸೆಸರ್ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಪುಟ್ಟ ಫ್ಯಾನ್ ಮನೆಮನೆಯ ಕಂಪ್ಯೂಟರಿಗೂ ಬಂತು. 2022ರಲ್ಲಿ ಬಂದ ಇಂಟೆಲ್ ಕೋರ್ ಐ9-13900ಕೆ ಪೂರ್ತಿ ಓಟದಲ್ಲಿ 253 ವ್ಯಾಟ್ ಎಳೆಯುತ್ತದೆ. ಅದೇ ವರ್ಷದ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿಗೆ 450 ವ್ಯಾಟ್ ಬೇಕು. ಇವು ತುತ್ತತುದಿಯ ಉದಾಹರಣೆಗಳು ನಿಜ. ಆದರೆ ಮಧ್ಯಮ ದರ್ಜೆಯ ಗೇಮಿಂಗ್ ಕಂಪ್ಯೂಟರ್ ಕೂಡ 400 ವ್ಯಾಟಿನ ಆಸುಪಾಸಿಗೆ ಸಲೀಸಾಗಿ ಮುಟ್ಟುತ್ತದೆ. ಹೀಗೆ ಒಳಹೋದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಕಂಪ್ಯೂಟರ್ ಏನನ್ನೂ ಎತ್ತುವುದಿಲ್ಲ, ತಳ್ಳುವುದಿಲ್ಲ. ಲೆಕ್ಕ ಮಾಡಿದ ಮೇಲೆ ಅದರ ಬಳಿ ಉಳಿಯುವುದು ಬಿಸಿ ಮಾತ್ರ.

ಆ ಬಿಸಿಯನ್ನು ಹೊರಗೆ ಸಾಗಿಸುವುದು ಗಾಳಿ. ಎಷ್ಟು ಗಾಳಿ ಬೇಕು ಎನ್ನುವುದು ಸರಳ ಲೆಕ್ಕ. 400 ವ್ಯಾಟ್ ಬಿಸಿಯನ್ನು ಗಂಟೆಗೆ 85 ಘನ ಮೀಟರ್ ಗಾಳಿ ಹೊತ್ತೊಯ್ದರೆ, ಒಳಬಂದ ಗಾಳಿಗಿಂತ ಹೊರಹೋಗುವ ಗಾಳಿ ಸುಮಾರು 14 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುತ್ತದೆ. ಫ್ಯಾನ್ ಡಬ್ಬಿಯ ಮೇಲೆ 50 ಸಿಎಫ್‌ಎಂ (ನಿಮಿಷಕ್ಕೆ 50 ಘನ ಅಡಿ) ಎಂದು ಬರೆದಿರುವುದು ಈ ಪ್ರಮಾಣವನ್ನೇ. ಗಾಳಿಯನ್ನು ಎರಡು ಪಟ್ಟು ಮಾಡಿದರೆ ಆ ವ್ಯತ್ಯಾಸ 7 ಡಿಗ್ರಿಗೆ ಇಳಿಯುತ್ತದೆ. ಮತ್ತೆ ಎರಡು ಪಟ್ಟು ಮಾಡಿದರೆ ಮೂರೂವರೆ. ಅಂದರೆ ಮೊದಲ ಎರಡು ಮೂರು ಫ್ಯಾನ್‌ಗಳಿಂದ ಸಿಗುವ ಲಾಭ ಆಮೇಲಿನವುಗಳಿಂದ ಸಿಗುವುದಿಲ್ಲ. ಒಂಬತ್ತು ಫ್ಯಾನ್ ತುಂಬಿಸಿಟ್ಟ ಬಣ್ಣಬಣ್ಣದ ಕ್ಯಾಬಿನೆಟ್ಟುಗಳನ್ನು ಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಬೆಂಗಳೂರಿನವರಿಗೆ ಇನ್ನೊಂದು ಮಾತು: ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೇ ಒಂದು ಭಾಗದಷ್ಟು ತೆಳು. ಆದ್ದರಿಂದ ಇಲ್ಲಿ 14 ಡಿಗ್ರಿ ಎನ್ನುವುದು 15 ದಾಟುತ್ತದೆ. ಬೇಸಿಗೆಯಲ್ಲಿ ನಲವತ್ತು ದಾಟುವ ರಾಯಚೂರು, ಕಲಬುರಗಿಗಳ ಕೋಣೆಗಳಲ್ಲಿ ಒಳಬರುವ ಗಾಳಿಯೇ ಬಿಸಿ ಇರುವುದರಿಂದ, ಈ ವ್ಯತ್ಯಾಸವನ್ನು ಎಷ್ಟು ಕಡಿಮೆ ಮಾಡಿದರೂ ಅದು ಲಾಭವೇ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಕ್ಯಾಬಿನೆಟ್ಟಿನೊಳಗಿನ ಫ್ಯಾನ್‌ಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಪ್ರೊಸೆಸರ್ ಮೇಲಿನದು, ಗ್ರಾಫಿಕ್ಸ್ ಕಾರ್ಡಿನ ಎರಡೋ ಮೂರೋ ಫ್ಯಾನ್‌ಗಳು ಬಿಸಿಯನ್ನು ಲೋಹದಿಂದ ಗಾಳಿಗೆ ದಾಟಿಸುತ್ತವೆ, ಅಷ್ಟೇ. ಆ ಗಾಳಿಯನ್ನು ಕ್ಯಾಬಿನೆಟ್ಟಿನಾಚೆ ಕಳಿಸುವ ಶಕ್ತಿ ಅವಕ್ಕಿಲ್ಲ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನನ್ನು ಐದರಲ್ಲಿ ಇಟ್ಟರೆ ಅದೇ ಸೆಕೆ ಗಾಳಿ ಸುತ್ತುತ್ತದಲ್ಲ, ಹಾಗೆ. ಗಾಳಿಯನ್ನು ಬದಲಾಯಿಸುವವು ಕ್ಯಾಬಿನೆಟ್ಟಿನ ಮುಂದೆ, ಹಿಂದೆ, ಮೇಲೆ ಇರುವ ಫ್ಯಾನ್‌ಗಳು ಮಾತ್ರ. ಅವು ಸೋಮಾರಿಯಾಗಿದ್ದರೆ ಒಳಗಿನ ಫ್ಯಾನ್‌ಗಳು ತಾವೇ ಉಗುಳಿದ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಂಡು, ಇನ್ನಷ್ಟು ಬಿಸಿಯಾಗಿ, ಇನ್ನಷ್ಟು ಜೋರಾಗಿ ತಿರುಗುತ್ತವೆ. ಸಣ್ಣ, ಕಿರಿಚುವ ಫ್ಯಾನ್‌ಗಳ ಸದ್ದು ತಗ್ಗಬೇಕಾದರೆ ದೊಡ್ಡ, ಗಂಭೀರವಾದ ಫ್ಯಾನ್‌ಗಳು ತುಸು ಹೆಚ್ಚು ತಿರುಗಬೇಕು. ಒಂದನ್ನು ಏರಿಸಿದರೆ ಒಟ್ಟು ಸದ್ದು ಇಳಿಯುತ್ತದೆ ಎನ್ನುವುದನ್ನು ಮೊದಲ ಸಲ ಕೇಳುವವರು ನಂಬುವುದಿಲ್ಲ.

ದಾರಿ ಹೇಗಿರಬೇಕು? ಮುಂದಿನಿಂದ ತಣ್ಣನೆ ಗಾಳಿ ಒಳಗೆ, ಹಿಂದಿನಿಂದ ಬಿಸಿ ಗಾಳಿ ಹೊರಗೆ. ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಇದ್ದರೆ ಹೆಚ್ಚಿನ ಕಂಪ್ಯೂಟರುಗಳಿಗೆ ಸಾಕು. ಫ್ಯಾನ್ ಯಾವ ಕಡೆ ಊದುತ್ತದೆ ಎಂದು ತಿಳಿಯದಿದ್ದರೆ ಅದರ ಚೌಕಟ್ಟನ್ನು ನೋಡಿ. ಮೋಟರನ್ನು ಹಿಡಿದಿಡುವ ಅಡ್ಡಕಡ್ಡಿಗಳು ಇರುವ ಕಡೆಗೆ ಗಾಳಿ ಹೊರಡುತ್ತದೆ. ಕೆಲವದರಲ್ಲಿ ಬದಿಯಲ್ಲಿ ಬಾಣದ ಗುರುತೂ ಇರುತ್ತದೆ. ಮೇಲ್ಭಾಗಕ್ಕೆ ಫ್ಯಾನ್ ಹಾಕುವುದಾದರೆ ಹಿಂಬದಿಗೆ ಹತ್ತಿರ ಹಾಕಿ. ಮುಂಭಾಗಕ್ಕೆ ಹತ್ತಿರ ಹಾಕಿದರೆ, ಆಗಷ್ಟೇ ಒಳಬಂದ ತಣ್ಣನೆ ಗಾಳಿಯನ್ನು ಪ್ರೊಸೆಸರ್ ತನಕ ಹೋಗಲು ಬಿಡದೆ ಮೇಲಿನಿಂದಲೇ ಎಳೆದು ಹೊರಹಾಕುತ್ತದೆ. ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ, ಆದ್ದರಿಂದ ಮೇಲೆ ಫ್ಯಾನ್ ಇರಲೇಬೇಕು ಎಂಬ ನಂಬಿಕೆ ಬಲವಾಗಿದೆ. ಗಾಳಿ ಏರುವುದು ನಿಜವೇ. ಆದರೆ ಫ್ಯಾನ್‌ಗಳು ತಿರುಗುತ್ತಿರುವ ಡಬ್ಬಿಯಲ್ಲಿ ಆ ತಾನಾಗಿ ಏರುವ ಶಕ್ತಿ ತೀರಾ ದುರ್ಬಲ, ಫ್ಯಾನ್ ತಳ್ಳಿದ ಕಡೆಗೇ ಗಾಳಿ ಹೋಗುತ್ತದೆ.

ಈ ದಾರಿ ಮೊದಲಿನಿಂದಲೂ ಹೀಗಿರಲಿಲ್ಲ. 1995ರಲ್ಲಿ ಇಂಟೆಲ್ ಮದರ್‌ಬೋರ್ಡ್, ಕ್ಯಾಬಿನೆಟ್‌ಗಳ ರಚನೆಗೆ ಎಟಿಎಕ್ಸ್ ಮಾದರಿಯನ್ನು ತಂದಾಗ, ಪವರ್ ಸಪ್ಲೈನ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರ್ ಮೇಲೆ ಊದಬೇಕು ಎಂಬ ಯೋಚನೆ ಇತ್ತು. ಆದರೆ ಪವರ್ ಸಪ್ಲೈ ಹಾಯ್ದು ಬಂದ ಗಾಳಿ ಅಷ್ಟರಲ್ಲೇ ಬಿಸಿಯಾಗಿರುತ್ತಿತ್ತು. ಪ್ರೊಸೆಸರುಗಳ ಕಾವು ಏರುತ್ತ ಹೋದಂತೆ ಆ ಯೋಚನೆ ಕೈಬಿಟ್ಟುಹೋಯಿತು, ಫ್ಯಾನ್ ಹೊರಕ್ಕೆ ಊದತೊಡಗಿತು. 2004ರಲ್ಲಿ ಪ್ರೆಸ್ಕಾಟ್ ಎಂಬ ಬಿಸಿ ಪೆಂಟಿಯಂ 4 ಬಂದ ಕಾಲಕ್ಕೆ ಇಂಟೆಲ್ ಬಿಟಿಎಕ್ಸ್ ಎಂಬ ಹೊಸ ಮಾದರಿಯನ್ನೇ ಮುಂದಿಟ್ಟಿತು. ಮುಂದಿನಿಂದ ಒಳಬಂದ ಗಾಳಿ ನೆಟ್ಟಗೆ ಪ್ರೊಸೆಸರನ್ನು ಹಾಯ್ದು ಹಿಂದಕ್ಕೆ ಹೋಗುವ, ನನ್ನ ಮಟ್ಟಿಗೆ ಎಟಿಎಕ್ಸ್‌ಗಿಂತ ಅಚ್ಚುಕಟ್ಟಾದ ರಚನೆ ಅದು. ಮಾರುಕಟ್ಟೆ ಅದನ್ನು ಒಪ್ಪಲಿಲ್ಲ. 2006ರಲ್ಲಿ ಕಡಿಮೆ ಕಾವಿನ ಕೋರ್ 2 ಪ್ರೊಸೆಸರುಗಳು ಬಂದವು, ಇಂಟೆಲ್ ಬಿಟಿಎಕ್ಸ್ ಕೆಲಸವನ್ನು ಅಲ್ಲಿಗೇ ನಿಲ್ಲಿಸಿತು. ಹಾಗಾಗಿ ನಾವು ಇಂದಿಗೂ 1995ರ ಚೌಕಟ್ಟಿನೊಳಗೇ 2020ರ ದಶಕದ ಬಿಸಿಯನ್ನು ನಿಭಾಯಿಸುತ್ತಿದ್ದೇವೆ.

ನಮ್ಮ ಮನೆಗಳಲ್ಲಿ ದಾರಿಗೆ ಅಡ್ಡಬರುವುದು ಹೆಚ್ಚಾಗಿ ಕ್ಯಾಬಿನೆಟ್ಟಿನ ಆಚೆಗಿನ ವಸ್ತುಗಳು. ಕಂಪ್ಯೂಟರ್ ಟೇಬಲ್ ಎಂದು ಮಾರುವ ಮೇಜುಗಳಲ್ಲಿ ಕ್ಯಾಬಿನೆಟ್ ಇಡಲೆಂದೇ ಒಂದು ಪ್ಲೈವುಡ್ ಗೂಡು ಇರುತ್ತದೆ. ಮೂರು ಕಡೆ ಮುಚ್ಚಿದ ಆ ಗೂಡಿಗೆ ಕೆಲವರು ಮುಂದೊಂದು ಬಾಗಿಲೂ ಮಾಡಿಸುತ್ತಾರೆ. ಹಿಂದಿನಿಂದ ಹೊರಬಿದ್ದ ಬಿಸಿ ಗಾಳಿ ಗೂಡಿನ ಗೋಡೆಗೆ ಬಡಿದು, ಸುತ್ತಿ ಬಂದು, ಮುಂದಿನಿಂದ ಮತ್ತೆ ಒಳಗೆ ಹೋಗುತ್ತದೆ. ಇದನ್ನು ಯಾವ ಫ್ಯಾನೂ ಗೆಲ್ಲಲಾರದು. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗಿಡಿ, ಇಲ್ಲವೇ ಗೂಡಿನ ಹಿಂಬದಿಯ ಹಲಗೆ ತೆಗೆಸಿ. ಗೋಡೆಗೂ ಕ್ಯಾಬಿನೆಟ್ಟಿಗೂ ನಡುವೆ ಒಂದು ಗೇಣು ಜಾಗ ಬಿಡಿ. ಕೆಳಭಾಗದಲ್ಲಿ ಪವರ್ ಸಪ್ಲೈ ಇರುವ ಮಾದರಿಗಳು ತಳದಿಂದ ಗಾಳಿ ಎಳೆಯುತ್ತವೆ, ಅವನ್ನು ಜಮಖಾನದ ಮೇಲೆ ಇಡಬಾರದು. ಮುಂಭಾಗಕ್ಕೆ ಗಾಜು ಹಾಕಿದ ಕ್ಯಾಬಿನೆಟ್ಟುಗಳು ನೋಡಲು ಚೆಂದ, ಆದರೆ ಗಾಳಿ ನುಸುಳಲು ಅಂಚಿನ ಸಂದಿ ಮಾತ್ರ ಉಳಿದಿರುತ್ತದೆ. ಜಾಲರಿ ಮುಖದ್ದನ್ನು ಆರಿಸಿ ಎಂದೇ ನಾನು ಹೇಳುತ್ತೇನೆ. ಅದರ ಬೆಲೆಯೂ ಹಲವು ಸಲ ಕಡಿಮೆಯೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಎರಡೂ ಬಗೆಯವನ್ನು ಅಕ್ಕಪಕ್ಕ ಇಟ್ಟಿರುತ್ತಾರೆ. ಮುಂಭಾಗಕ್ಕೆ ಕೈಯಿಟ್ಟು, ಒಳಗಿನ ಫ್ಯಾನ್ ಎಳೆಯುವ ಗಾಳಿ ಎಲ್ಲಿಂದ ಬರುತ್ತಿದೆ ಎಂದು ನೋಡಿಯೇ ಕೊಳ್ಳಿ.

ದೂಳಿನ ವಿಷಯವೂ ಇದೇ ದಾರಿಗೆ ಸೇರಿದ್ದು. ಒಳಗೆಳೆಯುವ ಗಾಳಿ ಹೊರಹಾಕುವ ಗಾಳಿಗಿಂತ ತುಸು ಹೆಚ್ಚಿದ್ದರೆ ಕ್ಯಾಬಿನೆಟ್ಟಿನೊಳಗೆ ಒತ್ತಡ ಹೆಚ್ಚಿರುತ್ತದೆ, ಸಂದಿಗೊಂದಿಗಳಿಂದ ಗಾಳಿ ಹೊರಗೆ ಸೋರುತ್ತದೆ. ಹೊರಹಾಕುವುದೇ ಹೆಚ್ಚಾದರೆ ಪ್ರತಿ ಸಂದಿಯೂ ದೂಳು ಎಳೆಯುವ ಬಾಯಾಗುತ್ತದೆ. ಮುಂದಿನ ಫ್ಯಾನ್‌ಗಳಿಗೆ ಫಿಲ್ಟರ್ ಇದ್ದು, ಅವೇ ಮೇಲುಗೈ ಆಗಿದ್ದರೆ ಒಳಗಿನ ದೂಳು ಬಹುಪಾಲು ಕಡಿಮೆಯಾಗುತ್ತದೆ. ಆದರೆ ಫಿಲ್ಟರ್ ತುಂಬಿಕೊಂಡರೆ ಮುಂದಿನ ಗಾಳಿ ಸೊರಗಿ ಲೆಕ್ಕ ತಿರುಗುಮುರುಗಾಗುತ್ತದೆ. ಬಯಲುಸೀಮೆಯ ಕೆಂಪು ದೂಳಿನಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು ಒಣಗಿಸಿ ಹಾಕುವುದು ಅತಿಯೇನಲ್ಲ. ಬ್ಲೋವರ್ ಹಿಡಿದು ಒಳಗೆ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ಸುತ್ತಿ ಬೇರಿಂಗ್ ಹಾಳಾಗುತ್ತದೆ.

ಇನ್ನು ವೇಗಕ್ಕೆ ಬರೋಣ. ಫ್ಯಾನಿನ ವೈರಿನ ತುದಿಯಲ್ಲಿ ಮೂರು ಪಿನ್ ಇರಬಹುದು, ನಾಲ್ಕು ಇರಬಹುದು. ಮೂರು ಪಿನ್ನಿನದಕ್ಕೆ ವೇಗ ತಗ್ಗಿಸಬೇಕೆಂದರೆ ಅದಕ್ಕೆ ಹೋಗುವ 12 ವೋಲ್ಟನ್ನೇ ಇಳಿಸಬೇಕು. ತೀರಾ ಇಳಿಸಿದರೆ ತಿರುಗುತ್ತಿರುವ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ನಿಂತದ್ದು ಮತ್ತೆ ಹೊರಡುವುದಿಲ್ಲ. ನಾಲ್ಕು ಪಿನ್ನಿನದಕ್ಕೆ ಯಾವಾಗಲೂ ಪೂರ್ತಿ 12 ವೋಲ್ಟ್ ಹೋಗುತ್ತದೆ. ನಾಲ್ಕನೇ ಪಿನ್ನಿನಲ್ಲಿ ಪಿಡಬ್ಲ್ಯುಎಂ ಎಂಬ ಸಂಕೇತ ಸೆಕೆಂಡಿಗೆ ಸುಮಾರು 25,000 ಸಲ ಹತ್ತಿ ಆರಿ, ಎಷ್ಟು ಹೊತ್ತು ಹತ್ತಿರಬೇಕು ಎಂಬುದರಿಂದ ವೇಗ ಹೇಳುತ್ತದೆ. ಅಷ್ಟು ವೇಗದ ಸಂಕೇತ ಏಕೆಂದರೆ ಮನುಷ್ಯರ ಕಿವಿ 20,000ದ ಆಚೆ ಕೇಳುವುದಿಲ್ಲ, ಮೋಟರಿನ ಸಿಳ್ಳು ನಮಗೆ ತಲುಪುವುದಿಲ್ಲ. ಮೂರನೇ ಪಿನ್ ಎರಡರಲ್ಲೂ ಒಂದೇ ಕೆಲಸದ್ದು: ಫ್ಯಾನ್ ಒಂದು ಸುತ್ತು ತಿರುಗಿದಾಗ ಎರಡು ಮಿಡಿತ ಕಳಿಸಿ ತನ್ನ ವೇಗವನ್ನು ಮದರ್‌ಬೋರ್ಡಿಗೆ ತಿಳಿಸುವುದು. ಇಲ್ಲಿ ಆಗುವ ಸಾಮಾನ್ಯ ಎಡವಟ್ಟೆಂದರೆ, ಮೂರು ಪಿನ್ನಿನ ಫ್ಯಾನನ್ನು ಮದರ್‌ಬೋರ್ಡಿನಲ್ಲಿ ಪಿಡಬ್ಲ್ಯುಎಂಗೆ ಹೊಂದಿಸಿದ ಹೆಡರಿಗೆ (ಫ್ಯಾನಿನ ವೈರ್ ಸಿಕ್ಕಿಸುವ ಜಾಗ) ಚುಚ್ಚುವುದು. ಆಗ ಅದು ಸದಾ ಪೂರ್ತಿ ವೇಗದಲ್ಲೇ ತಿರುಗುತ್ತದೆ. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಆ ಹೆಡರನ್ನು ವೋಲ್ಟ್ ಇಳಿಸಿ ವೇಗ ತಗ್ಗಿಸುವ ಡಿಸಿ ಎಂಬ ಆಯ್ಕೆಗೆ ಬದಲಿಸಿದರೆ ಮುಗಿಯಿತು. ಫ್ಯಾನ್ ಕೆಟ್ಟಿದೆ ಎಂದು ಎಸೆಯುವ ಮುನ್ನ ಇದನ್ನೊಮ್ಮೆ ನೋಡಿ.

ವೇಗ ಮತ್ತು ಸದ್ದಿನ ನಡುವೆ ಇರುವ ಸಂಬಂಧ ನಮ್ಮ ಪರವಾಗಿದೆ. ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಒಂದೇ ಬಗೆಯ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ ಅಡ್ಡಿಯಿಲ್ಲದ ಜಾಗದಲ್ಲಿ ಒಂದು ಫ್ಯಾನ್ ನಿಮಿಷಕ್ಕೆ 1600 ಸುತ್ತಿನಲ್ಲಿ ಕೊಡುವ ಗಾಳಿಯನ್ನು ಎರಡು ಫ್ಯಾನ್ 800 ಸುತ್ತಿನಲ್ಲಿ ಕೊಟ್ಟರೆ ಸದ್ದು ಸುಮಾರು 12 ಡೆಸಿಬೆಲ್ ಕಡಿಮೆ. ಅಡ್ಡಿಯಿಲ್ಲದ ಎಂಬ ಮಾತನ್ನು ಮರೆಯಬಾರದು. ವೇಗ ಅರ್ಧವಾದರೆ ಫ್ಯಾನ್ ತಳ್ಳುವ ಒತ್ತಡ ಕಾಲು ಭಾಗಕ್ಕೆ ಬೀಳುತ್ತದೆ. ದಟ್ಟವಾದ ಫಿಲ್ಟರ್, ನೀರಿನ ಕೂಲರಿನ ರೇಡಿಯೇಟರ್ ಎದುರಿಗಿದ್ದರೆ ನಿಧಾನದ ಫ್ಯಾನ್ ಅಲ್ಲಿ ಸೋಲುತ್ತದೆ. ಫ್ಯಾನ್ ಡಬ್ಬಿಯ ಮೇಲಿನ ಸಿಎಫ್‌ಎಂ ಅಂಕಿ ಕೂಡ ಎದುರಿಗೆ ಏನೂ ಇಲ್ಲದಾಗ ಅಳೆದದ್ದು. ರೇಡಿಯೇಟರಿಗೆ ಕೊಳ್ಳುವಾಗ ಒತ್ತಡದ ಅಂಕಿ ನೋಡಬೇಕು.

ಈಗ ಮೊದಲಿನ ದೂರಿನ ಮೂಲಕ್ಕೆ ಕೈಹಾಕಬಹುದು. ಫ್ಯಾನ್ ಏಕೆ ಏರಿಳಿಯುತ್ತದೆ? ಇಂದಿನ ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಸಿಲಿಕಾನ್ ಚೂರು ಉಗುರಿನಷ್ಟು ಚಿಕ್ಕದು. ಒಂದು ಕೆಲಸ ಬಂದೊಡನೆ ಅದು ತನ್ನ ವೇಗವನ್ನು ಥಟ್ಟನೆ ಏರಿಸಿಕೊಳ್ಳುತ್ತದೆ, ಅಷ್ಟು ಚಿಕ್ಕ ಜಾಗದಲ್ಲಿ ಒಮ್ಮೆಲೇ ಹತ್ತಾರು ವ್ಯಾಟ್ ಸುರಿಯುತ್ತದೆ, ಒಂದೇ ಸೆಕೆಂಡಿನಲ್ಲಿ ಉಷ್ಣತೆ 10–15 ಡಿಗ್ರಿ ನೆಗೆಯುತ್ತದೆ. ಕೆಲಸ ಮುಗಿದೊಡನೆ ಅಷ್ಟೇ ಬೇಗ ಇಳಿಯುತ್ತದೆ. ಆದರೆ ಫ್ಯಾನ್ ಊದುವುದು ಆ ಚೂರಿಗಲ್ಲ, ಅದರ ಮೇಲೆ ಕೂತ ತಾಮ್ರ, ಅಲ್ಯೂಮಿನಿಯಂಗಳ ಹೀಟ್‌ಸಿಂಕಿಗೆ. ಆ ಲೋಹದ ಗಟ್ಟಿಗೆ ಬಿಸಿ ಹತ್ತಲು ಚೂರಿಗಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಬೇಕು. ಚೂರು ನೆಗೆದ ಆ ಒಂದು ಸೆಕೆಂಡಿನಲ್ಲಿ ಹೀಟ್‌ಸಿಂಕ್ ಇನ್ನೂ ತಣ್ಣಗೇ ಇರುತ್ತದೆ. ಆಗ ಫ್ಯಾನ್ ಎಷ್ಟು ಜೋರಾಗಿ ಊದಿದರೂ ಹೊರಗೆ ಸಾಗಿಸಲು ಅಲ್ಲಿ ಬಿಸಿಯೇ ಬಂದಿರುವುದಿಲ್ಲ. ನಮಗೆ ಸಿಗುವುದು ಸದ್ದು ಮಾತ್ರ. ನೀರಿನ ಕೂಲರ್ ಇದ್ದರೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ, ನೀರು ಕಾಯಲು ನಿಮಿಷಗಳೇ ಹಿಡಿಯುತ್ತವೆ.

ಮದರ್‌ಬೋರ್ಡ್ ಬರುವಾಗಲೇ ಇರುವ ಫ್ಯಾನ್ ಕರ್ವ್, ಅಂದರೆ ಯಾವ ಉಷ್ಣತೆಗೆ ಎಷ್ಟು ವೇಗ ಎಂದು ಹೇಳುವ ಗೆರೆ, ಇದನ್ನು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರೊಸೆಸರಿನ ಉಷ್ಣತೆಯ ಅಂಕಿ ಕುಣಿದಂತೆ ಫ್ಯಾನನ್ನೂ ಕುಣಿಸುತ್ತದೆ. ಇದನ್ನು ತಿದ್ದಲು ಎರಡು ಸಂಗತಿ ಸಾಕು. ಮೊದಲನೆಯದು, ಕರ್ವಿನ ಕೆಳಭಾಗವನ್ನು ಸಮತಟ್ಟು ಮಾಡುವುದು. ನಿಮ್ಮ ಕಂಪ್ಯೂಟರ್ ಸುಮ್ಮನಿದ್ದಾಗ 40 ಡಿಗ್ರಿ, ಪುಟ ತೆರೆದಾಗ 55 ಡಿಗ್ರಿ ತೋರಿಸುವುದಾದರೆ, 60 ಡಿಗ್ರಿವರೆಗೂ ಫ್ಯಾನ್ ಒಂದೇ ವೇಗದಲ್ಲಿರಲಿ. ಕಿವಿಗೆ ಬೀಳದ ಅತಿ ಹೆಚ್ಚಿನ ವೇಗ ಯಾವುದೋ ಅದನ್ನೇ ಇಡಿ, 120 ಮಿಲಿಮೀಟರ್ ಫ್ಯಾನಿಗೆ ಅದು ಸಾಮಾನ್ಯವಾಗಿ 600ರಿಂದ 800 ಸುತ್ತಿನ ನಡುವೆ ಇರುತ್ತದೆ. ಅಲ್ಲಿಂದ ಮೇಲೆ ನಿಧಾನದ ಏರು, 75 ಡಿಗ್ರಿಗೆ ಶೇ 60 ವೇಗ, 90ಕ್ಕೆ ಪೂರ್ತಿ. ಎರಡನೆಯದು, ವೇಗ ಬದಲಾಗುವುದನ್ನು ತುಸು ತಡಮಾಡುವುದು. ಬಯಾಸ್‌ನಲ್ಲಿ ಸ್ಟೆಪ್ ಅಪ್, ಸ್ಟೆಪ್ ಡೌನ್ ಎಂಬ ಹೆಸರಿನಲ್ಲೋ ಸ್ಮೂದಿಂಗ್ ಎಂಬ ಹೆಸರಿನಲ್ಲೋ ಇದು ಇರುತ್ತದೆ. ಏರಲು ಕೆಲವು ಸೆಕೆಂಡು, ಇಳಿಯಲು ಅದಕ್ಕಿಂತ ಹೆಚ್ಚು ಸೆಕೆಂಡು ಕೊಡಿ. ಪ್ರೊಸೆಸರ್ ಸುಟ್ಟುಹೋದೀತು ಎಂದು ಹೆದರಬೇಕಿಲ್ಲ. ಮಿತಿ ಮುಟ್ಟಿದರೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಎಎಂಡಿಯ ರೈಜೆನ್ 7000 ಸರಣಿಯನ್ನಂತೂ ಭಾರಿ ಕೆಲಸದಲ್ಲಿ 95 ಡಿಗ್ರಿಯಲ್ಲೇ ಓಡುವಂತೆ ರೂಪಿಸಲಾಗಿದೆ. ಅಂಥ ಪ್ರೊಸೆಸರಿನ ಅಂಕಿಯನ್ನು 70ಕ್ಕೆ ಇಳಿಸುತ್ತೇನೆಂದು ಫ್ಯಾನನ್ನು ದಂಡಿಸುವುದರಲ್ಲಿ ಅರ್ಥವಿಲ್ಲ.

ಕ್ಯಾಬಿನೆಟ್ ಫ್ಯಾನ್‌ಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ಇನ್ನೂ ಖಚಿತ. ಗೇಮ್ ಆಡುವ ಕಂಪ್ಯೂಟರಿನಲ್ಲಿ ಒಳಗೆ ಸುರಿಯುವ ಬಿಸಿಯ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು. ಆದರೂ ಕ್ಯಾಬಿನೆಟ್ ಫ್ಯಾನ್‌ಗಳನ್ನು ಬಹುತೇಕ ಮದರ್‌ಬೋರ್ಡುಗಳು ಪ್ರೊಸೆಸರ್ ಉಷ್ಣತೆಗೋ ತಮ್ಮದೇ ಸೆನ್ಸರಿಗೋ ಕಟ್ಟಿರುತ್ತವೆ. ಗ್ರಾಫಿಕ್ಸ್ ಕಾರ್ಡ್ ಬೆಂದು ಹೋಗುತ್ತಿದ್ದರೂ ಪ್ರೊಸೆಸರ್ ಆರಾಮಾಗಿದ್ದರೆ ಅವು ನಿಧಾನವಾಗಿಯೇ ಇರುತ್ತವೆ. ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂಥದ್ದು, ಫ್ಯಾನಿಗೆ ಅದೇ ಸರಿಯಾದ ಯಜಮಾನ. ಬಯಾಸ್‌ನಿಂದ ಇದನ್ನು ಹೊಂದಿಸಲು ಸಾಮಾನ್ಯವಾಗಿ ಆಗುವುದಿಲ್ಲ, ಸಾಫ್ಟ್‌ವೇರ್ ಬೇಕು. ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಎಂಬ ಪುಕ್ಕಟೆ ತಂತ್ರಾಂಶ ಎರಡೂ ಉಷ್ಣತೆಗಳಲ್ಲಿ ಯಾವುದು ಹೆಚ್ಚೋ ಅದನ್ನು ಅನುಸರಿಸುವಂತೆ ಹೊಂದಿಸಲು ಬಿಡುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಜೊತೆಗೆ ಬರುವ ಸಲಕರಣೆಗಳಿವೆ, ಕೂಲರ್‌ಕಂಟ್ರೋಲ್ ಇದೆ. ಸಾಫ್ಟ್‌ವೇರ್ ಎಂದಾದರೂ ನಿಂತುಹೋಗಬಹುದು, ಆದ್ದರಿಂದ ಬಯಾಸ್‌ನಲ್ಲಿಯೂ ಒಂದು ಸುರಕ್ಷಿತ ಕರ್ವ್ ಇಟ್ಟಿರಿ.

ಹೆಚ್ಚುಕಡಿಮೆ ಒಂದೇ ವೇಗದ ಎರಡು ಫ್ಯಾನ್ ಅಕ್ಕಪಕ್ಕ ಇದ್ದಾಗ ಕೇಳುವ ವುಂ–ವುಂ ಎಂಬ ಅಲೆ ಅಲೆಯಾದ ಸದ್ದು ಬೇರೆ ಬಗೆಯದು. ಒಂಬತ್ತು ರೆಕ್ಕೆಯ ಫ್ಯಾನ್ 1000 ಸುತ್ತಿನಲ್ಲಿ ಸೆಕೆಂಡಿಗೆ 150 ಸಲ ಗಾಳಿಯನ್ನು ಕಡಿಯುತ್ತದೆ. ಪಕ್ಕದ್ದು 1010 ಸುತ್ತಿನಲ್ಲಿದ್ದರೆ 151.5 ಸಲ. ಎರಡು ಸದ್ದು ಕೂಡಿ ಸೆಕೆಂಡಿಗೆ ಒಂದೂವರೆ ಸಲ ಏರಿಳಿಯುತ್ತವೆ. ಒಂದರ ವೇಗವನ್ನು ನೂರು ಸುತ್ತಿನಷ್ಟು ತಗ್ಗಿಸಿದರೆ ಆ ಏರಿಳಿತ ಕಿವಿಗೆ ಗೊತ್ತಾಗದಷ್ಟು ಬೇಗವಾಗಿ, ಸದ್ದು ಮೆತ್ತಗಾಗುತ್ತದೆ.

ಮಾಡಿದ್ದೆಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಭಾರಿ ಗೇಮ್ ಅಥವಾ ವಿಡಿಯೊ ರೆಂಡರ್ ಒಂದನ್ನು ಅರ್ಧ ಗಂಟೆ ಓಡಿಸಿ, ಅಂಕಿಗಳು ಒಂದು ಕಡೆ ನಿಂತ ಮೇಲೆ ಬರೆದಿಟ್ಟುಕೊಳ್ಳಿ. ಕ್ಯಾಬಿನೆಟ್ಟಿನ ಬದಿಯ ಬಾಗಿಲು ತೆಗೆದು ಇನ್ನೊಮ್ಮೆ ಅಷ್ಟೇ ಹೊತ್ತು ಓಡಿಸಿ. ಎರಡು ಮೂರು ಡಿಗ್ರಿ ಮಾತ್ರ ವ್ಯತ್ಯಾಸ ಬಂದರೆ ಗಾಳಿಯ ದಾರಿ ಚೆನ್ನಾಗಿದೆ. ಹತ್ತು ಡಿಗ್ರಿ ಇಳಿದರೆ ಕ್ಯಾಬಿನೆಟ್ ಉಸಿರುಗಟ್ಟುತ್ತಿದೆ ಎಂದರ್ಥ, ಆಗ ಕರ್ವ್ ಬಿಟ್ಟು ಮತ್ತೆ ಫಿಲ್ಟರ್, ಗೋಡೆ, ಗೂಡುಗಳನ್ನು ನೋಡಿ. ಕೋಣೆಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದಿಡುವುದು ಮುಖ್ಯ. ಕೋಣೆ ಹತ್ತು ಡಿಗ್ರಿ ಏರಿದರೆ ಒಳಗಿನ ಅಂಕಿಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಡಿಸೆಂಬರಿನಲ್ಲಿ 60 ಡಿಗ್ರಿವರೆಗೆ ಸಮತಟ್ಟಾಗಿಟ್ಟ ಕರ್ವ್ ಏಪ್ರಿಲ್ ಮಧ್ಯಾಹ್ನ ಒಂದು ಪುಟ ತೆರೆದರೂ ಏರುವ ಭಾಗಕ್ಕೆ ಬಂದು ನಿಲ್ಲುತ್ತದೆ, ಹಳೆಯ ಏರಿಳಿತ ಮತ್ತೆ ಶುರುವಾಗುತ್ತದೆ. ಬೇಸಿಗೆಗೆಂದು ಆ ಸಮತಟ್ಟು ಭಾಗವನ್ನು ಇನ್ನಷ್ಟು ಡಿಗ್ರಿ ಮುಂದಕ್ಕೆ ಎಳೆದು, ಅದರ ವೇಗವನ್ನು ನೂರು ಸುತ್ತಿನಷ್ಟು ಏರಿಸಿ ಇನ್ನೊಂದು ಪ್ರೊಫೈಲ್ ಆಗಿ ಉಳಿಸಿಟ್ಟುಕೊಂಡರೆ, ಯುಗಾದಿ ಹೊತ್ತಿಗೆ ಒಂದು ಸಲ ಬದಲಿಸಿ, ಮಳೆ ಹಿಡಿದ ಮೇಲೆ ಹಿಂದಕ್ಕೆ ಬರಬಹುದು.